ಮರಳಿ ಬರುವ ಜ್ವರ

ನೆಗಡಿಗೆ ಮದ್ದು ತೆಗೆದುಕೊಂಡರೆ ಏಳು ದಿನ, ತೆಗೆದುಕೊಳ್ಳದಿದ್ದರೆ ಒಂದು ವಾರ ಎಂಬ ಹಾಸ್ಯೋಕ್ತಿ ನಮ್ಮಲ್ಲಿ ಬಹು ಬಳಕೆಯದು. ನಗೆಯ ಮಾತಾದರೂ ಅದರಲ್ಲಿ ಹುಸಿಯಿಲ್ಲ. ಗಂಟಲು ಕೆರೆಯುತ್ತದೆ, ಮೂಗು ಸೋರುತ್ತದೆ, ಮೈ ಕಾವೇರುತ್ತದೆ. ಮೆಣಸಿನ ಕಷಾಯ, ಉಪ್ಪುನೀರಿನ ಮುಕ್ಕುಳಿಕೆ, ಎರಡು ರಾತ್ರಿಯ ಒಳ್ಳೆಯ ನಿದ್ದೆ - ಇಷ್ಟರಲ್ಲಿ ದೇಹವು ತನ್ನ ಕೆಲಸವನ್ನು ತಾನೇ ಮುಗಿಸಿಕೊಂಡಿರುತ್ತದೆ. ಕೀರ್ತಿ ಮಾತ್ರ ಕಷಾಯಕ್ಕೆ ಸಲ್ಲುತ್ತದೆ.

ಆದರೆ ಇದಕ್ಕಿಂತ ಬೇರೆಯಾದ ಇನ್ನೊಂದು ಬಗೆಯ ಅನುಭವವೂ ಸಂಸಾರವಂದಿಗರಿಗೆ ಅಪರಿಚಿತವಲ್ಲ. ಮೂರನೆಯ ದಿನ ಜ್ವರ ಇಳಿದಿದೆ. ಮಗು ಎದ್ದು ಕುಳಿತು ಸಾರನ್ನ ಕೇಳಿದೆ. ತಾಯಿ ನಿಟ್ಟುಸಿರು ಬಿಟ್ಟಿದ್ದಾಳೆ. ಆರನೆಯ ದಿನದ ಸಂಜೆ ಮತ್ತೆ ಮೈ ಸುಡುತ್ತದೆ. ಈ ಸಲದ ಕಾವು ಹಿಂದಿನದಕ್ಕಿಂತ ಹೆಚ್ಚು. ಉಸಿರು ಬಿರುಸಾಗಿದೆ, ಇಲ್ಲವೆ ಕಿವಿಯೊಳಗೆ ಸಿಡಿತ ಎಂದು ಮಗು ಅಳುತ್ತದೆ. ಜ್ವರ ಮರುಕಳಿಸಿತು ಎಂದು ಹಿರಿಯರು ಹೇಳುತ್ತಾರೆ. ತಲೆಗೆ ನೀರು ಹಾಕಿದ್ದು ತಪ್ಪಾಯಿತು, ಮೊಸರು ಬಡಿಸಿದ್ದು ತಪ್ಪಾಯಿತು ಎಂದು ಮನೆಮಂದಿ ಒಬ್ಬರನ್ನೊಬ್ಬರು ದೂರುವುದೂ ಉಂಟು; ದೂರು ಸಾಮಾನ್ಯವಾಗಿ ಮನೆಯ ಸೊಸೆಯ ಮೇಲೆಯೇ ಬಂದು ನಿಲ್ಲುತ್ತದೆ. ಪಾಪ, ಮೊಸರಿಗೂ ಸೊಸೆಗೂ ಇದರಲ್ಲಿ ಪಾತ್ರವಿಲ್ಲ. ಎರಡನೆಯ ಸಲ ಬಂದದ್ದು ಅನೇಕ ವೇಳೆ ಮೊದಲಿನ ಜ್ವರವೇ ಅಲ್ಲ. ಮೊದಲು ಬಂದವನು ಬಾಗಿಲು ಮುರಿದು ಹೋದನು. ತೆರೆದ ಬಾಗಿಲಿನಿಂದ ಒಳಹೊಕ್ಕವನು ಬೇರೊಬ್ಬನು.

ಮೊದಲು ಬಂದವನು ವೈರಸ್. ಹಿಂದೆ ಬಂದವನು ಬ್ಯಾಕ್ಟೀರಿಯ. ಇವೆರಡನ್ನೂ ಒಟ್ಟಿಗೆ ಸೇರಿಸಿ ‘ರೋಗಾಣು’ ಎಂದು ಕರೆಯುವ ರೂಢಿ ಇರುವುದರಿಂದ ಇವುಗಳ ನಡುವಣ ಅಂತರ ಮರೆಯಾಗುತ್ತದೆ. ಬ್ಯಾಕ್ಟೀರಿಯವು ಒಂದು ಪೂರ್ಣ ಜೀವಿ. ಅದಕ್ಕೆ ಆಹಾರ ದೊರೆತರೆ ತಾನಾಗಿ ಬೆಳೆದು ಇಬ್ಭಾಗವಾಗಿ ಸಂತತಿಯನ್ನು ಹೆಚ್ಚಿಸಿಕೊಳ್ಳಬಲ್ಲುದು. ವೈರಸ್ಸಿಗೆ ಆ ಸ್ವಾತಂತ್ರ್ಯವಿಲ್ಲ. ಅದು ಇನ್ನೊಂದು ಜೀವಕೋಶದೊಳಕ್ಕೆ ನುಗ್ಗಿ, ಆ ಕೋಶದ ಸಾಮಗ್ರಿಯಿಂದಲೇ ತನ್ನ ಪ್ರತಿಗಳನ್ನು ತಯಾರು ಮಾಡಿಸಿಕೊಳ್ಳತಕ್ಕದ್ದು. ಗಾತ್ರದಲ್ಲಿಯೂ ಅಜಗಜಾಂತರ. ಗಂಟಲಿನಲ್ಲಿ ವಾಸಿಸುವ ದುಂಡು ಬ್ಯಾಕ್ಟೀರಿಯವು ಒಂದು ಮಿಲಿಮೀಟರಿನ ಸುಮಾರು ಸಾವಿರದಲ್ಲೊಂದು ಪಾಲಿನಷ್ಟಿದ್ದರೆ, ಇನ್‌ಫ್ಲೂಯೆಂಜಾ ವೈರಸ್ ಅದರ ಹತ್ತರಲ್ಲೊಂದು ಪಾಲು. ಪೆನಿಸಿಲಿನ್ ಮೊದಲಾದ ಔಷಧಿಗಳು ಬ್ಯಾಕ್ಟೀರಿಯವನ್ನು ಕೊಲ್ಲುತ್ತವೆಯೇ ಹೊರತು ವೈರಸ್ಸಿನ ಕೂದಲನ್ನೂ ಕೊಂಕಿಸಲಾರವು.

ಈ ಎರಡು ಶತ್ರುಗಳ ಜೋಡಿಯಾಟವನ್ನು ಲೋಕವು ಅತ್ಯಂತ ಕ್ರೂರವಾದ ರೀತಿಯಲ್ಲಿ ಕಂಡದ್ದು 1918ರಲ್ಲಿ. ಮೊದಲನೆಯ ಮಹಾಯುದ್ಧ ಮುಗಿಯುತ್ತ ಬಂದಿದ್ದ ಆ ವರ್ಷ ಇನ್‌ಫ್ಲೂಯೆಂಜಾ ಜ್ವರವು ಭೂಮಂಡಲವನ್ನೆಲ್ಲ ಸುತ್ತಿತು. ಜೂನ್ ತಿಂಗಳಲ್ಲಿ ಮುಂಬಯಿಯ ಬಂದರಿನಲ್ಲಿ ಕಾಣಿಸಿಕೊಂಡ ಬೇನೆ ಮಳೆಗಾಲ ಮುಗಿಯುವ ವೇಳೆಗೆ ಉಗ್ರರೂಪ ತಾಳಿ, ರೈಲು ಹಳಿಗಳ ಗುಂಟ ದೇಶದ ಒಳನಾಡಿಗೆ ಹರಡಿತು. ಮೈಸೂರು ಸಂಸ್ಥಾನವೂ ಇದಕ್ಕೆ ಹೊರತಾಗಲಿಲ್ಲ. ಭಾರತವೊಂದರಲ್ಲಿಯೇ ಒಂದು ಕೋಟಿಗೂ ಮಿಕ್ಕ ಜನ ಸತ್ತರೆಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಇಂದಿನ ಭಾರತದ ಎಲ್ಲೆಯೊಳಗಿನ ಜನಸಂಖ್ಯೆ 1911ರಲ್ಲಿ 25 ಕೋಟಿ 21 ಲಕ್ಷವಿದ್ದುದು 1921ರ ಗಣತಿಯಲ್ಲಿ 25 ಕೋಟಿ 13 ಲಕ್ಷಕ್ಕೆ ಇಳಿಯಿತು. ಹಿಂದಿನ ಗಣತಿಗಿಂತ ಜನ ಕಡಿಮೆಯಾದರೆಂದು ಇಪ್ಪತ್ತನೆಯ ಶತಮಾನದಲ್ಲಿ ಹೇಳಿದ ಗಣತಿ ಅದೊಂದೇ. ಹಿಂದಿಯ ಮಹಾಕವಿ ನಿರಾಲಾ ಆಗ ಇಪ್ಪತ್ತರ ಆಸುಪಾಸಿನ ತರುಣ. ಅವರ ಪತ್ನಿಯೂ ಮನೆಯ ಅನೇಕರೂ ಆ ಬೇನೆಗೆ ತುತ್ತಾದರು.

ಇಷ್ಟು ಜನರನ್ನು ಕೊಂದದ್ದು ಯಾವುದು? ಆ ಕಾಲದ ವೈದ್ಯರು ನಂಬಿದ್ದ ಉತ್ತರ ಒಂದಿತ್ತು. 1892ರಲ್ಲಿ ಜರ್ಮನಿಯ ರಿಚರ್ಡ್ ಫೈಫರ್ ಎಂಬ ಖ್ಯಾತ ವಿಜ್ಞಾನಿ, ಇನ್‌ಫ್ಲೂಯೆಂಜಾ ರೋಗಿಗಳ ಕಫದಲ್ಲಿ ಸಣ್ಣ ಕಡ್ಡಿಯ ಆಕಾರದ ಒಂದು ಬ್ಯಾಕ್ಟೀರಿಯವನ್ನು ಕಂಡು, ಇದೇ ಆ ರೋಗದ ಮೂಲವೆಂದು ಸಾರಿದ್ದನು. ಅದಕ್ಕೆ ಇನ್‌ಫ್ಲೂಯೆಂಜಾ ಎಂಬ ಹೆಸರೇ ಅಂಟಿಕೊಂಡಿತು. 1918ರಲ್ಲಿ ಪ್ರಯೋಗಶಾಲೆಗಳು ಈ ಫೈಫರ್ ಕಡ್ಡಿಗಾಗಿ ಹುಡುಕಾಡಿದವು. ಕೆಲವು ಶವಗಳಲ್ಲಿ ಅದು ಸಿಕ್ಕಿತು. ಎಷ್ಟೋ ಶವಗಳಲ್ಲಿ ಸಿಗಲಿಲ್ಲ. ಅದರ ಬದಲು ನ್ಯುಮೊಕಾಕಸ್, ಸ್ಟ್ರೆಪ್ಟೊಕಾಕಸ್, ಸ್ಟೆಫಿಲೊಕಾಕಸ್ ಮೊದಲಾದ ದುಂಡು ಬ್ಯಾಕ್ಟೀರಿಯಗಳು ಶ್ವಾಸಕೋಶವನ್ನು ತುಂಬಿದ್ದವು. ಕೊಲೆಯಾದ ಮನೆಯಲ್ಲಿ ಒಂದೊಂದು ಸಲ ಒಬ್ಬೊಬ್ಬ ಕಳ್ಳ ಸಿಕ್ಕಿಬಿದ್ದರೆ ನ್ಯಾಯಾಧಿಪತಿ ಏನು ತೀರ್ಪು ಕೊಟ್ಟಾನು?

ತೊಡಕು ಬಿಡಿಸುವ ದಾರಿ ತೋರಿಸಿದ್ದು ಒಂದು ಹಂದಿಯ ರೋಗ. ಮನುಷ್ಯರಿಗೆ ಆ ಮಾರಿ ಬಡಿದ 1918ರ ಶರತ್ಕಾಲದಲ್ಲಿಯೇ ಅಮೆರಿಕದ ಅಯೋವಾ ಪ್ರಾಂತದ ಹಂದಿಗಳಿಗೂ ಅಂಥದೇ ಜ್ವರ ಬಂದಿತ್ತು. ಮುಂದೆಯೂ ವರ್ಷ ವರ್ಷ ಬರುತ್ತಿತ್ತು. ಅಯೋವಾದಲ್ಲಿಯೇ ಹುಟ್ಟಿ ಬೆಳೆದ ರಿಚರ್ಡ್ ಶೋಪ್ ಎಂಬ ವೈದ್ಯ ರಾಕ್‌ಫೆಲರ್ ಸಂಸ್ಥೆಯಲ್ಲಿ ಇದರ ಅಭ್ಯಾಸಕ್ಕೆ ತೊಡಗಿ, 1931ರಲ್ಲಿ ತನ್ನ ಫಲಿತಾಂಶಗಳನ್ನು ಪ್ರಕಟಿಸಿದನು. ರೋಗದ ಹಂದಿಯ ಶ್ವಾಸಮಾರ್ಗದ ಲೋಳೆಯಲ್ಲಿ ಫೈಫರನ ಕಡ್ಡಿಯನ್ನೇ ಹೋಲುವ ಒಂದು ಬ್ಯಾಕ್ಟೀರಿಯ ದೊರೆಯಿತು. ಅದನ್ನು ಮಾತ್ರ ಬೆಳೆಸಿ ಆರೋಗ್ಯವಂತ ಹಂದಿಯ ಮೂಗಿಗೆ ಹಾಕಿದಾಗ ಹಂದಿಗೆ ಏನೂ ಆಗಲಿಲ್ಲ. ಬಳಿಕ ಆ ಲೋಳೆಯನ್ನು ಬ್ಯಾಕ್ಟೀರಿಯ ದಾಟಲಾಗದಷ್ಟು ಸೂಕ್ಷ್ಮವಾದ ಶೋಧಕದಲ್ಲಿ ಸೋಸಿ, ಸೋಸಿದ ನೀರನ್ನು ಹಾಕಿದನು. ಹಂದಿಗೆ ಸೌಮ್ಯವಾದ ಜ್ವರ ಬಂದು ಹೋಯಿತು. ಕೊನೆಗೆ ಎರಡನ್ನೂ ಕೂಡಿಸಿ ಹಾಕಿದನು. ಹಂದಿ ನ್ಯುಮೋನಿಯದಿಂದ ನರಳಿತು. ಹೊಲದಲ್ಲಿ ಕಂಡಿದ್ದ ಉಗ್ರ ರೋಗವೇ ಕೊಟ್ಟಿಗೆಯಲ್ಲಿ ಮರುಹುಟ್ಟು ಪಡೆಯಿತು.

ಸೋಸಿದ ನೀರಿನಲ್ಲಿದ್ದದ್ದು ವೈರಸ್. ಒಂದೊಂದೇ ಆಗಿದ್ದರೆ ಇವುಗಳಿಂದ ಅಂಥ ಹಾನಿಯಿಲ್ಲ. ಒಂದರ ಹಿಂದೊಂದು ಬಂದಾಗ ಸಾವಿನ ಭಯ. ಇಷ್ಟು ಸರಳವಾದ ಪ್ರಯೋಗ ಇಷ್ಟು ದೊಡ್ಡ ಮಾತನ್ನು ಹೇಳಿದ ನಿದರ್ಶನ ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ವಿರಳವೆಂದೇ ಹೇಳಬೇಕು.

ಎರಡು ವರ್ಷಗಳ ತರುವಾಯ, 1933ರಲ್ಲಿ, ಲಂಡನ್ನಿನ ವಿಲ್ಸನ್ ಸ್ಮಿತ್, ಆಂಡ್ರ್ಯೂಸ್ ಮತ್ತು ಲೇಡ್ಲಾ ಎಂಬ ಮೂವರು ವಿಜ್ಞಾನಿಗಳು ಮನುಷ್ಯರ ಇನ್‌ಫ್ಲೂಯೆಂಜಾ ವೈರಸ್ಸನ್ನು ಬೇರ್ಪಡಿಸಿದರು. ಅದಕ್ಕೆ ಅವರು ಬಳಸಿದ ಸಾಮಗ್ರಿ ನಮ್ಮ ಮನೆಯ ಬಚ್ಚಲಿಗೆ ಚೆಲ್ಲುವಂಥದು: ರೋಗಿಗಳು ಗಂಟಲು ಮುಕ್ಕುಳಿಸಿ ಉಗುಳಿದ ನೀರು. ಅದನ್ನು ಸೋಸಿ ಫೆರೆಟ್ ಎಂಬ, ಮುಂಗುಸಿಯನ್ನು ಹೋಲುವ ಪ್ರಾಣಿಯ ಮೂಗಿಗೆ ಹನಿಸಿದರು, ಫೆರೆಟ್ ಸೀನಲಾರಂಭಿಸಿತು.

1918ರ ಕಡತವನ್ನು ವಿಜ್ಞಾನಿಗಳು ಮುಚ್ಚಿರಲಿಲ್ಲ. 2008ರಲ್ಲಿ ಅಮೆರಿಕದ ಮೊರೆನ್ಸ್, ಟೌಬೆನ್‌ಬರ್ಗರ್, ಫೌಚಿ ಎಂಬುವರು ಆ ಕಾಲದಲ್ಲಿ ಸತ್ತ 58 ಮಂದಿಯ ಶ್ವಾಸಕೋಶದ ತುಣುಕುಗಳನ್ನು - ಅವು ಅಷ್ಟು ಕಾಲ ಕಾಪಾಡಲ್ಪಟ್ಟಿದ್ದವು - ಮತ್ತೆ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಎಂಟು ಸಾವಿರಕ್ಕೂ ಹೆಚ್ಚಿನ ಶವಪರೀಕ್ಷೆಗಳ ಹಳೆಯ ವರದಿಗಳನ್ನೂ ಓದಿದರು. ಸತ್ತವರಲ್ಲಿ ಬಹುಪಾಲು ಜನರನ್ನು ಕಡೆಯಲ್ಲಿ ಕೆಡವಿದ್ದು ವೈರಸ್ಸಿನ ಬೆನ್ನು ಹತ್ತಿ ಬಂದ ಬ್ಯಾಕ್ಟೀರಿಯದ ನ್ಯುಮೋನಿಯವೇ ಎಂದು ಅವರು ತೀರ್ಮಾನಿಸಿದರು. ಆ ಬ್ಯಾಕ್ಟೀರಿಯಗಳು ಬೇರೆ ಲೋಕದಿಂದ ಬಂದವಲ್ಲ. ಆರೋಗ್ಯವಂತರ ಮೂಗು ಗಂಟಲುಗಳಲ್ಲಿ ನಿತ್ಯವೂ ಇರತಕ್ಕ ನಿವಾಸಿಗಳೇ.

ಈ ಕಡೆಯ ಮಾತು ಓದುಗರಿಗೆ ಸೋಜಿಗವೆನಿಸಬಹುದು. ನ್ಯುಮೋನಿಯಕ್ಕೆ ಮುಖ್ಯ ಕಾರಣವಾದ ನ್ಯುಮೊಕಾಕಸ್ ಮೊತ್ತಮೊದಲು ಪತ್ತೆಯಾದುದೇ ನ್ಯುಮೋನಿಯ ರೋಗಿಯಲ್ಲಿ ಅಲ್ಲ. 1881ರಲ್ಲಿ ಅಮೆರಿಕದ ಸೇನಾವೈದ್ಯ ಸ್ಟರ್ನ್‌ಬರ್ಗ್ ಅದನ್ನು ಕಂಡದ್ದು ತನ್ನ ಸ್ವಂತ ಉಗುಳಿನಲ್ಲಿ, ಆತನೋ ಗಟ್ಟಿಮುಟ್ಟಾಗಿದ್ದನು. ಅದೇ ವರ್ಷ ಫ್ರಾನ್ಸಿನಲ್ಲಿ ಪಾಶ್ಚರ್ ಅದನ್ನು ಕಂಡದ್ದು ಹುಚ್ಚುನಾಯಿಯ ರೋಗದಿಂದ ಸತ್ತ ಬಾಲಕನೊಬ್ಬನ ಉಗುಳಿನಲ್ಲಿ. ಇಂದಿಗೂ ಎಳೆಯ ಮಕ್ಕಳನೇಕರ ಮೂಗಿನ ಹಿಂಭಾಗದಲ್ಲಿ ಅದು ತಿಂಗಳುಗಟ್ಟಲೆ ತೆಪ್ಪಗೆ ವಾಸ ಮಾಡಿಕೊಂಡಿರುತ್ತದೆ. ಮಗು ಆಡುತ್ತದೆ, ಉಣ್ಣುತ್ತದೆ, ಮಲಗುತ್ತದೆ. ಹಾಗಾದರೆ ಒಂದು ದಿನ ಈ ಸಾಧು ನಿವಾಸಿಗೆ ದರೋಡೆಯ ಬುದ್ಧಿ ಬರುವುದೇಕೆ?

ಬುದ್ಧಿ ಬದಲಾಗುವುದು ಅದಕ್ಕಲ್ಲ, ಕಾವಲು ಸಡಿಲವಾಗುತ್ತದೆ. ಆ ಕಾವಲಿನ ವ್ಯವಸ್ಥೆಯನ್ನು ಒಮ್ಮೆ ನೋಡುವುದು ಒಳ್ಳೆಯದು.

ಮೂಗಿನಿಂದ ಶ್ವಾಸನಾಳದವರೆಗಿನ ಒಳಗೋಡೆಯ ಬಹುಭಾಗಕ್ಕೆ ಸೂಕ್ಷ್ಮವಾದ ರೋಮಗಳನ್ನು ಹೊತ್ತ ಕೋಶಗಳ ಹಾಸು ಇದೆ. ಅದರ ಮೇಲೆ ಲೋಳೆಯ ತೆಳುವಾದ ಪದರ. ಗಾಳಿಯೊಡನೆ ಬಂದ ಧೂಳು, ಅಣುಜೀವಿಗಳು ಈ ಲೋಳೆಗೆ ಅಂಟಿಕೊಳ್ಳುತ್ತವೆ. ಕೆಳಗಿನ ರೋಮಗಳು ಕ್ಷಣಕ್ಕೆ ಹತ್ತು ಹದಿನೈದು ಸಲ, ಗಾಳಿಗೆ ತೊನೆಯುವ ಭತ್ತದ ಪೈರಿನಂತೆ, ಒಂದೇ ದಿಕ್ಕಿಗೆ ಬೀಸುತ್ತವೆ. ಲೋಳೆಯು ಕಸವನ್ನು ಹೊತ್ತು ಗಂಟಲಿನ ಕಡೆಗೆ ಸಾಗುತ್ತದೆ. ನಮಗೆ ತಿಳಿಯದೆಯೇ ನಾವು ಅದನ್ನು ನುಂಗುತ್ತೇವೆ. ಜಠರದ ಆಮ್ಲವು ಉಳಿದ ಸಂಸ್ಕಾರವನ್ನು ನಡೆಸುತ್ತದೆ. ಹಗಲಿರುಳೂ ನಿಲ್ಲದ ಈ ಗುಡಿಸುವ ಕೆಲಸಕ್ಕೆ ಸಂಬಳವಿಲ್ಲ, ರಜೆಯಿಲ್ಲ.

ಲೋಳೆಯೂ ಬರಿಯ ಅಂಟಲ್ಲ. 1921ರಲ್ಲಿ ನೆಗಡಿಯಾಗಿದ್ದ ಅಲೆಗ್ಸಾಂಡರ್ ಫ್ಲೆಮಿಂಗ್ ತನ್ನ ಮೂಗಿನ ಲೋಳೆಯನ್ನೇ ಬ್ಯಾಕ್ಟೀರಿಯ ಬೆಳೆದಿದ್ದ ತಟ್ಟೆಯ ಮೇಲೆ ಹಾಕಿ ನೋಡಿದನು. ಸುತ್ತಲಿನ ಬ್ಯಾಕ್ಟೀರಿಯ ಕರಗಿಹೋಯಿತು. ಕಣ್ಣೀರಿನಲ್ಲಿಯೂ ಉಗುಳಿನಲ್ಲಿಯೂ ಇರುವ ಆ ವಸ್ತುವಿಗೆ ಲೈಸೊಜೈಮ್ ಎಂದು ಹೆಸರಾಯಿತು. ಪೆನಿಸಿಲಿನ್ನಿನ ಪ್ರಸಿದ್ಧ ಕಥೆ ನಡೆದದ್ದು ಇದಾದ ಏಳು ವರ್ಷಗಳ ಮೇಲೆ. ವಿನೋದವೆಂದರೆ, 1929ರಲ್ಲಿ ಪೆನಿಸಿಲಿನ್ ಕುರಿತು ಆತ ಬರೆದ ಮೊದಲ ಪ್ರಬಂಧದ ಶೀರ್ಷಿಕೆಯಲ್ಲಿಯೇ ಫೈಫರನ ಕಡ್ಡಿಯ ಹೆಸರಿದೆ. ಪೆನಿಸಿಲಿನ್ ಇತರ ಬ್ಯಾಕ್ಟೀರಿಯಗಳನ್ನು ಅಳಿಸಿ ಆ ಕಡ್ಡಿಯನ್ನು ಮಾತ್ರ ಉಳಿಸುವುದರಿಂದ, ಅದನ್ನು ಬೇರ್ಪಡಿಸಿ ಬೆಳೆಸಲು ಪ್ರಯೋಗಶಾಲೆಯಲ್ಲಿ ಅನುಕೂಲವೆಂಬುದು ಅವನು ಎತ್ತಿ ಹೇಳಿದ ಉಪಯೋಗ.

ಗಂಟಲಿನ ದ್ವಾರದಲ್ಲಿ ಟಾನ್ಸಿಲ್‌ಗಳೂ ಅವುಗಳ ಬಂಧುಗಳಾದ ಇತರ ಗ್ರಂಥಿಗಳೂ ಉಂಗುರದಂತೆ ನಿಂತಿವೆ. ಒಳಬರುವ ಪ್ರತಿಯೊಂದನ್ನೂ ತಡೆದು ಗುರುತು ಹಚ್ಚುವ ಸುಂಕದ ಕಟ್ಟೆ ಅದು. ಅದನ್ನೂ ದಾಟಿದವರಿಗಾಗಿ ಭಕ್ಷಕ ಕಣಗಳ ಪಡೆ ಸಿದ್ಧವಾಗಿದೆ. 1882ರಲ್ಲಿ ಸಿಸಿಲಿಯ ಮೆಸ್ಸೀನಾದ ಕಡಲ ದಂಡೆಯಲ್ಲಿ ರಷ್ಯದ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕವಾದ ಮರಿಗೆ ಮುಳ್ಳು ಚುಚ್ಚಿದಾಗ, ಮರುದಿನ ಬೆಳಗಾಗುವಷ್ಟರಲ್ಲಿ ಅಲೆದಾಡುವ ಕಣಗಳು ಮುಳ್ಳಿನ ಸುತ್ತ ಮುತ್ತಿಗೆ ಹಾಕಿದ್ದನ್ನು ಕಂಡನು. ಮನುಷ್ಯನ ರಕ್ತದಲ್ಲಿಯೂ ಅಂಥವೇ ಇವೆ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ದೊಡ್ಡ ಭಕ್ಷಕಗಳು ಸದಾ ಪಹರೆ ತಿರುಗುತ್ತಿರುತ್ತವೆ. ರಕ್ತದಿಂದ ಬಿಳಿಯ ಕಣಗಳು ಕೂಗು ಕೇಳಿದೊಡನೆ ಓಡಿಬರುತ್ತವೆ.

ಇಂಥ ಕೋಟೆಗೆ ವೈರಸ್ ಲಗ್ಗೆ ಹಾಕಿದಾಗ ಮೊದಲು ಬೀಳುವುದು ರೋಮಗಳ ಹಾಸು. ಇನ್‌ಫ್ಲೂಯೆಂಜಾ ವೈರಸ್ ನುಗ್ಗುವುದೇ ಆ ಕೋಶಗಳೊಳಕ್ಕೆ. ಕೋಶಗಳು ಸತ್ತು ಉದುರುತ್ತವೆ; ಗುಡಿಸುವವರಿಲ್ಲದ ಲೋಳೆ ನಿಂತ ನೀರಾಗುತ್ತದೆ. ಹಾಸು ಕಿತ್ತುಹೋದ ಜಾಗದಲ್ಲಿ ಅಡಿಯ ಪದರ ಬಯಲಾಗಿ, ಬ್ಯಾಕ್ಟೀರಿಯಕ್ಕೆ ಅಂಟಿಕೊಳ್ಳಲು ಬೇಕಾದ ಹಿಡಿಕೆಗಳು ದೊರೆಯುತ್ತವೆ. ಅಷ್ಟೇ ಅಲ್ಲ. ಈ ವೈರಸ್ಸಿನ ಮೈಮೇಲೆ ಕತ್ತರಿಯಂತಹ ಒಂದು ಕಿಣ್ವವುಂಟು. ನ್ಯೂರಾಮಿನಿಡೇಸ್ ಎಂದು ಅದರ ಹೆಸರು. ಕೋಶಗಳ ಮೇಲಿನ, ಲೋಳೆಯ ಮೇಲಿನ ಒಂದು ಬಗೆಯ ಸಕ್ಕರೆಯನ್ನು ಅದು ಕತ್ತರಿಸಿ ಬಿಡುತ್ತದೆ. ಹೊಸ ವೈರಸ್ಸುಗಳು ಕೋಶದಿಂದ ಕಳಚಿಕೊಳ್ಳಲು ಅದು ಬೇಕು. ಆದರೆ ಹೀಗೆ ಉದುರಿದ ಸಕ್ಕರೆ ನ್ಯುಮೊಕಾಕಸ್ಸಿಗೆ ಆಹಾರವಾಗುತ್ತದೆ. ಬಾಗಿಲು ಮುರಿದವನು ಹಿಂದೆ ಬರುವವನಿಗೆ ಬುತ್ತಿಯನ್ನೂ ಇಟ್ಟು ಹೋದಂತಾಯಿತು.

ಇಷ್ಟಾದರೂ ಇದು ಗೋಡೆಯ ಮಾತು. ಬಹುಕಾಲ ವೈದ್ಯರು ಇಷ್ಟಕ್ಕೇ ನಿಂತಿದ್ದರು. ಆದರೆ ಗೋಡೆ ಬಿದ್ದ ಮಾತ್ರಕ್ಕೆ ಒಳಗಿನ ಸೈನ್ಯ ಏಕೆ ಸೋಲಬೇಕು? ಈ ಪ್ರಶ್ನೆಗೆ ದೊರೆತ ಉತ್ತರ ನಿಜಕ್ಕೂ ವಿಚಿತ್ರವಾದದ್ದು. ಸೈನ್ಯವನ್ನು ತಡೆಯುವುದು ಶತ್ರುವಲ್ಲ, ಅರಮನೆಯ ಆಜ್ಞೆಯೇ.

1957ರಲ್ಲಿ ಲಂಡನ್ನಿನ ಐಸಾಕ್ಸ್ ಮತ್ತು ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ಲಿಂಡೆನ್‌ಮನ್, ವೈರಸ್ ಹೊಕ್ಕ ಕೋಶಗಳು ಒಂದು ರಾಸಾಯನಿಕ ವಸ್ತುವನ್ನು ಹೊರಬಿಟ್ಟು ನೆರೆಯ ಕೋಶಗಳನ್ನು ಎಚ್ಚರಿಸುವುವೆಂದು ತೋರಿಸಿದರು. ವೈರಸ್ಸಿನ ಕಾರ್ಯಕ್ಕೆ ಅಡ್ಡಿಪಡಿಸುವ ಆ ವಸ್ತುವಿಗೆ ಇಂಟರ್‌ಫೆರಾನ್ ಎಂದು ಹೆಸರಿಟ್ಟರು. ಮುಂದೆ ಇಂಟರ್‌ಫೆರಾನ್‌ಗಳು ಅನೇಕ ಬಗೆಯವೆಂದು ಗೊತ್ತಾಯಿತು. ವೈರಸ್ಸಿನ ವಿರುದ್ಧ ಇವು ನಿಸ್ಸಂದೇಹವಾಗಿ ಒಳ್ಳೆಯ ಆಯುಧಗಳು. ಬ್ಯಾಕ್ಟೀರಿಯದ ಎದುರಿನಲ್ಲಿ ಇವೇ ತಿರುಗುಬಾಣಗಳಾಗಬಲ್ಲವು.

2008ರಲ್ಲಿ ಅಮೆರಿಕದ ಕೀರ್ ಸನ್ ಮತ್ತು ಡೆನ್ನಿಸ್ ಮೆಟ್ಸ್‌ಗರ್ ಬಿಳಿಯ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಇನ್‌ಫ್ಲೂಯೆಂಜಾದಿಂದ ಚೇತರಿಸಿಕೊಳ್ಳುತ್ತಿರುವ ಇಲಿಯ ಶ್ವಾಸಕೋಶದಲ್ಲಿ ಗಾಮಾ ಇಂಟರ್‌ಫೆರಾನ್ ಎಂಬುದು ಯಥೇಚ್ಛವಾಗಿ ತುಂಬಿರುತ್ತದೆ. ವೈರಸ್ಸನ್ನು ಹುಡುಕಿ ಕೊಲ್ಲಲು ಬಂದ ಬಿಳಿಯ ಕಣಗಳೇ ಅದನ್ನು ಸುರಿಸುತ್ತವೆ. ಅದರ ಪ್ರಭಾವಕ್ಕೆ ಸಿಕ್ಕಿದ ದೊಡ್ಡ ಭಕ್ಷಕಗಳು, ಬ್ಯಾಕ್ಟೀರಿಯವನ್ನು ಹಿಡಿಯಲು ತಮ್ಮ ಮೈಮೇಲೆ ಇಟ್ಟುಕೊಂಡಿದ್ದ ಕೊಕ್ಕೆಯೊಂದನ್ನು ಕೆಳಗಿಳಿಸಿಬಿಡುತ್ತವೆ. ನ್ಯುಮೊಕಾಕಸ್ ಎದುರಿಗೇ ಹಾದುಹೋದರೂ ಹಿಡಿಯಲಾರವು. ಗಾಮಾ ಇಂಟರ್‌ಫೆರಾನನ್ನು ತಡೆದ ಇಲಿಗಳಲ್ಲಿ ಭಕ್ಷಕಗಳ ಕೈಚಳಕ ಮರಳಿತು. ಮರುವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ, ಬೇರೊಂದು ಬಗೆಯ ಇಂಟರ್‌ಫೆರಾನ್ ರಕ್ತದ ಬಿಳಿಯ ಕಣಗಳನ್ನು ಕರೆಯುವ ಕೂಗನ್ನೇ ತಗ್ಗಿಸುತ್ತದೆಂದು ತಿಳಿಸಿತು. ಪಹರೆಯವನ ಕೈಯಲ್ಲಿ ಕೊಕ್ಕೆಯಿಲ್ಲ. ಕೊತ್ತಲದ ಮೇಲೆ ಕಹಳೆಯಿಲ್ಲ.

ಹೀಗೇಕೆ ದೇಹವು ತನ್ನ ಕೈಯನ್ನು ತಾನೇ ಕಟ್ಟಿಹಾಕಿಕೊಳ್ಳುತ್ತದೆ? ಭಕ್ಷಕಗಳೂ ಬಿಳಿಯ ಕಣಗಳೂ ಹೋರಾಡುವಾಗ ಶತ್ರುವಿನೊಡನೆ ಸ್ವಂತ ಅಂಗಾಂಶವನ್ನೂ ಸುಡುತ್ತವೆ. ಶ್ವಾಸಕೋಶದ ಗಾಳಿಗೂಡಿನ ಗೋಡೆಯು ಉಸಿರು ಹಾಯಲೆಂದು ಅತಿ ತೆಳುವಾಗಿ ನೆಯ್ದದ್ದು. ಅಲ್ಲಿ ಕದನ ಬೆಳೆದರೆ ಗೆದ್ದೂ ಪ್ರಯೋಜನವಿಲ್ಲ. ಆದುದರಿಂದ ವೈರಸ್ ಸೋಲುತ್ತಿರುವ ಸೂಚನೆ ಸಿಕ್ಕೊಡನೆ ‘ಇನ್ನು ಸಾಕು’ ಎಂಬ ಆಜ್ಞೆ ಹೊರಡುತ್ತದೆಂದು ತೋರುತ್ತದೆ. ಆಜ್ಞೆಯಲ್ಲಿ ವಿವೇಕವಿದೆ. ದುರ್ದೈವವೆಂದರೆ ಅದು ಹೊರಡುವ ವೇಳೆಗೆ ಸರಿಯಾಗಿ ಮೂಗಿನ ಹಿಂದಿನ ನಿವಾಸಿಗೆ ಹಾದಿ ತೆರೆದಿರುತ್ತದೆ. ಜ್ವರ ಇಳಿದು ಮಗು ಸಾರನ್ನ ಕೇಳುವ ದಿನಗಳೂ ಕಾವಲು ತೀರ ತೆಳುವಾಗಿರುವ ದಿನಗಳೂ ಒಂದೇ ಆಗಲು ಇದೇ ಕಾರಣ.

ಕಾಲದ ಈ ಲೆಕ್ಕ ಎಷ್ಟು ಕಟುವಾದದ್ದೆಂಬುದು ಇಲಿಗಳ ಮೇಲಿನ ಇನ್ನೊಂದು ಪ್ರಯೋಗದಿಂದ ವ್ಯಕ್ತವಾಗುತ್ತದೆ. 2002ರಲ್ಲಿ ಅಮೆರಿಕದ ಮೆಕಲರ್ಸ್ ಎಂಬ ವೈದ್ಯರು ತಮ್ಮ ಸಹೋದ್ಯೋಗಿಯೊಡನೆ, ಇನ್‌ಫ್ಲೂಯೆಂಜಾ ತಗುಲಿಸಿದ ಏಳನೆಯ ದಿನ ಇಲಿಗಳಿಗೆ ನ್ಯುಮೊಕಾಕಸ್ ಕೊಟ್ಟರು. ಬೇರೆ ಬೇರೆಯಾಗಿ ಕೊಟ್ಟಿದ್ದರೆ ತಾಳಿಕೊಳ್ಳಬಹುದಾಗಿದ್ದ ಪ್ರಮಾಣ ಅದು. ಇಲಿಗಳು ಸಾಲಾಗಿ ಸತ್ತವು. ಅನುಕ್ರಮವನ್ನು ತಿರುಗಿಸಿ ಮೊದಲು ಬ್ಯಾಕ್ಟೀರಿಯ, ಆಮೇಲೆ ವೈರಸ್ ಕೊಟ್ಟಾಗ ಆ ಅನಾಹುತ ಆಗಲಿಲ್ಲ. ಇಲಿಗೆ ಆದದ್ದೆಲ್ಲ ಮನುಷ್ಯನಿಗೂ ಹಾಗೆಯೇ ಆಗಬೇಕೆಂದಿಲ್ಲ. ಆದರೂ 1918ರ ಶವಾಗಾರಗಳ ಸಾಕ್ಷ್ಯ ಇದಕ್ಕೆ ಹೊಂದಿಕೊಳ್ಳುತ್ತದೆ.

ಇನ್‌ಫ್ಲೂಯೆಂಜಾ ಒಂದೇ ಈ ಕೆಲಸ ಮಾಡುವುದೆಂದು ತಿಳಿಯಬಾರದು. ಗಂಟಲಿನ ದಾರಿಯಾಗಿಯೇ ಒಳಹೊಗುವ ದಡಾರದ ವೈರಸ್ ಇದರಲ್ಲಿ ಗುರುಸ್ಥಾನದಲ್ಲಿದೆ. ಅಮ್ಮ ಬಂದು ಹೋದ ಮೇಲೆ ಮಗುವನ್ನು ಬಹುಕಾಲ ಜೋಪಾನ ಮಾಡಬೇಕೆಂದು ಅಜ್ಜಿಯರು ಹೇಳುತ್ತಿದ್ದುದು ಬರಿಯ ಮೂಢನಂಬಿಕೆಯಲ್ಲ. 1908ರಲ್ಲಿ ವಿಯೆನ್ನಾದ ವೈದ್ಯ ಪಿರ್ಕೆ, ಕ್ಷಯದ ಸೋಂಕನ್ನು ತೋರಿಸುವ ಚರ್ಮದ ಪರೀಕ್ಷೆಯು ಮಗುವಿಗೆ ದಡಾರ ಬಂದಾಗ ಕೆಲವು ದಿನ ಸುಮ್ಮನಾಗಿಬಿಡುವುದನ್ನು ಗಮನಿಸಿದನು. ಸೋಂಕು ಅಲ್ಲಿಯೇ ಇದೆ. ಅದನ್ನು ಗುರುತಿಸಬೇಕಾದ ಶಕ್ತಿ ಮಂಕಾಗಿದೆ. ವೈರಸ್ಸೊಂದು ದೇಹರಕ್ಷಣೆಯನ್ನು ಕುಗ್ಗಿಸುವುದೆಂಬುದಕ್ಕೆ ದೊರೆತ ಮೊದಲ ಸ್ಪಷ್ಟ ಪುರಾವೆಗಳಲ್ಲಿ ಇದೊಂದು. 1917-18ರ ಚಳಿಗಾಲದಲ್ಲಿ ಅಮೆರಿಕದ ಸೇನಾ ಶಿಬಿರಗಳಲ್ಲಿ ದಡಾರ ಎದ್ದಾಗ, ಅದರ ಹಿಂದೆಯೇ ಗಂಟಲಿನ ಸ್ಟ್ರೆಪ್ಟೊಕಾಕಸ್ ಎದೆಗಿಳಿದು ತರುಣ ಸೈನಿಕರನ್ನು ಕೊಂದಿತು. ಇನ್‌ಫ್ಲೂಯೆಂಜಾ ಇನ್ನೂ ಆ ರೂಪದಲ್ಲಿ ಬಂದಿರಲಿಲ್ಲ. 2019ರಲ್ಲಿ ಪ್ರಕಟವಾದ ಸಂಶೋಧನೆ ಇನ್ನೂ ಮುಂದೆ ಹೋಯಿತು. ನೆದರ್ಲೆಂಡ್ಸಿನಲ್ಲಿ ಲಸಿಕೆ ಹಾಕಿಸದ 77 ಮಕ್ಕಳ ರಕ್ತವನ್ನು ದಡಾರಕ್ಕೆ ಮುನ್ನವೂ ಅನಂತರವೂ ಪರೀಕ್ಷಿಸಿದಾಗ, ಹಿಂದಿನ ರೋಗಗಳ ನೆನಪಾಗಿ ಉಳಿದಿದ್ದ ಪ್ರತಿಕಾಯಗಳಲ್ಲಿ ನೂರಕ್ಕೆ 11ರಿಂದ 73ರವರೆಗೆ ಅಳಿಸಿಹೋಗಿದ್ದವು. ದೇಹ ತಾನು ಓದಿದ ಪಾಠವನ್ನೇ ಮರೆತಿತ್ತು.

ಗಂಟಲಿನ ಸ್ಟ್ರೆಪ್ಟೊಕಾಕಸ್ಸಿನ ಮಾತು ಹಳೆಯ ಯುದ್ಧದ ಕಥೆಯಾಗಿ ಉಳಿದಿಲ್ಲ. 2022ರ ಡಿಸೆಂಬರಿನಲ್ಲಿ ಬ್ರಿಟನ್, ಐರ್ಲೆಂಡ್, ಫ್ರಾನ್ಸ್, ಸ್ವೀಡನ್, ನೆದರ್ಲೆಂಡ್ಸ್ ದೇಶಗಳಲ್ಲಿ ಈ ಬ್ಯಾಕ್ಟೀರಿಯ ರಕ್ತಕ್ಕೂ ಅಂಗಾಂಶಗಳಿಗೂ ನುಗ್ಗಿ ಮಕ್ಕಳ ಜೀವಕ್ಕೆ ಎರವಾದ ಪ್ರಸಂಗಗಳು ಹೆಚ್ಚಿದುವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿತು. ಅದೇ ಹೊತ್ತಿನಲ್ಲಿ ಶ್ವಾಸಮಾರ್ಗದ ವೈರಸ್ಸುಗಳೂ ಅಲ್ಲಿ ಜೋರಾಗಿ ಹರಡಿದ್ದವು. ಎರಡಕ್ಕೂ ಸಂಬಂಧವಿರಬಹುದೆಂದು ತಜ್ಞರು ಸೂಚಿಸಿದರು.

ಇಷ್ಟನ್ನು ಓದಿದ ತಂದೆತಾಯಿಗಳ ಮನಸ್ಸಿನಲ್ಲಿ ಸಹಜವಾಗಿ ಒಂದು ಆಲೋಚನೆ ಹುಟ್ಟೀತು: ಬ್ಯಾಕ್ಟೀರಿಯ ಬಂದೇ ಬರುವುದಾದರೆ, ಗಂಟಲು ಕೆರೆದ ಮೊದಲ ದಿನವೇ ಅದರ ಮದ್ದನ್ನು ಕೊಟ್ಟುಬಿಟ್ಟರೆ ಆಗದೆ? ಬೀದಿಯ ಮೂಲೆಯ ಔಷಧದ ಅಂಗಡಿಯಲ್ಲಿ ನಿತ್ಯ ನಡೆಯುವುದೂ ಇದೇ. ಆಗದು. ಬರುವುದು ಖಂಡಿತವಲ್ಲ, ಹೆಚ್ಚಿನವರಲ್ಲಿ ಅದು ಬರುವುದೇ ಇಲ್ಲ. ಮುಂಚಿತವಾಗಿ ಕೊಟ್ಟ ಮದ್ದು ಗಂಟಲಿನ ನಿರಪಾಯಕರ ನಿವಾಸಿಗಳನ್ನು ಕೊಂದು, ಮದ್ದಿಗೆ ಬಗ್ಗದ ದುಷ್ಟರಿಗೆ ಜಾಗ ತೆರವು ಮಾಡಿಕೊಡುತ್ತದೆ. ಮುಂದೆ ನಿಜವಾದ ನ್ಯುಮೋನಿಯ ಬಂದಾಗ ಆ ಮದ್ದು ನಾಟುವುದಿಲ್ಲ. ಕೋವಿಡ್ ಕಾಲದ ಲೆಕ್ಕ ಇಲ್ಲಿ ಉಲ್ಲೇಖಾರ್ಹ. ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಲ್ಲಿ ಬ್ಯಾಕ್ಟೀರಿಯದ ಸೋಂಕೂ ಇದ್ದವರು ನೂರಕ್ಕೆ ಸುಮಾರು 8 ಮಂದಿ; ಬ್ಯಾಕ್ಟೀರಿಯದ ಮದ್ದು ಪಡೆದವರು ಸುಮಾರು 75 ಮಂದಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ತಿಳಿಸಿತು.

ಹಾಗೆಂದು ಎಲ್ಲ ಗಂಟಲುನೋವನ್ನೂ ಕಷಾಯಕ್ಕೆ ಒಪ್ಪಿಸಿ ಕೂರುವುದೂ ಅಪಾಯವೇ. ಗಂಟಲುನೋವಿನ ಮಕ್ಕಳಲ್ಲಿ ನೂರಕ್ಕೆ 20ರಿಂದ 30ರಷ್ಟು, ದೊಡ್ಡವರಲ್ಲಿ 5ರಿಂದ 15ರಷ್ಟು ಸ್ಟ್ರೆಪ್ಟೊಕಾಕಸ್ಸಿನ ಕೃತ್ಯ. ಮೂಗು ಸೋರುವುದು, ಕೆಮ್ಮು, ದನಿ ಒಡೆಯುವುದು ಇವು ಸಾಮಾನ್ಯವಾಗಿ ವೈರಸ್ಸಿನ ಗುರುತುಗಳು. ಕೆಮ್ಮು ನೆಗಡಿಗಳಿಲ್ಲದೆ ಥಟ್ಟನೆ ಏರಿದ ಜ್ವರ, ಟಾನ್ಸಿಲ್ ಮೇಲೆ ಬಿಳಿಯ ಕೀವು, ದವಡೆಯ ಕೆಳಗೆ ನೋಯುವ ಗಂಟು ಇವು ಸ್ಟ್ರೆಪ್ಟೊಕಾಕಸ್ಸಿನ ಕಡೆಗೆ ಬೆರಳು ತೋರುತ್ತವೆ. ಗಂಟಲಿನ ದ್ರವವನ್ನು ಹತ್ತಿಯಲ್ಲಿ ಒರೆಸಿ ಪರೀಕ್ಷಿಸಿದರೆ ಸಂದೇಹ ತೀರುತ್ತದೆ. ಇದನ್ನು ಉದಾಸೀನ ಮಾಡಿದರೆ ಕೆಲವು ಮಕ್ಕಳಲ್ಲಿ ಎರಡು ಮೂರು ವಾರಗಳ ಮೇಲೆ ಕೀಲುಗಳು ಊದಿ, ಹೃದಯದ ಕವಾಟಗಳು ಕೆಡುವ ರುಮ್ಯಾಟಿಕ್ ಜ್ವರ ತಲೆದೋರುತ್ತದೆ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಅದರ ಫಲವನ್ನು ಇಂದಿಗೂ ಕಾಣಬಹುದು. ನೋವು ಪ್ರಾರಂಭವಾದ ಒಂಬತ್ತು ದಿನಗಳೊಳಗೆ ಪೆನಿಸಿಲಿನ್ ಬಿದ್ದರೆ ಅದನ್ನು ತಡೆಯಬಹುದು. ವೈದ್ಯರು ಹೇಳಿದಷ್ಟು ದಿನವೂ ಅದನ್ನು ತೆಗೆದುಕೊಳ್ಳಬೇಕು. ನೋವು ಇಳಿಯಿತೆಂದು ಮೂರನೆಯ ದಿನ ಸೀಸೆಯನ್ನು ಅಟ್ಟದ ಮೇಲಿಡುವುದು ನಮ್ಮಲ್ಲಿ ಬಹುಮಂದಿಯ ಪದ್ಧತಿ.

ವೈರಸ್ಸಿನ ಜ್ವರ ಬಂದವರಲ್ಲಿ ಕಣ್ಣಿಡಬೇಕಾದದ್ದು ಇಳಿದ ಜ್ವರ ಮತ್ತೆ ಏರುವ ಘಳಿಗೆಯ ಮೇಲೆ. ಏದುಸಿರು, ಉಸಿರೆಳೆದಾಗ ಎದೆಯಲ್ಲಿ ಚುಚ್ಚು, ಹಳದಿ ಅಥವಾ ರಕ್ತದ ಬಣ್ಣದ ಕಫ, ಕಿವಿಯ ಸಿಡಿತ, ಬಾಯಿ ಅಗಲಿಸಲಾಗದಷ್ಟು ಒಂದೇ ಪಕ್ಕದ ಗಂಟಲುನೋವು, ಎಳೆಯ ಮಗುವಾದರೆ ಉಸಿರಿಗೊಮ್ಮೆ ಪಕ್ಕೆ ಒಳಸರಿಯುವುದು - ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲೆಂದು ಕಾಯತಕ್ಕದ್ದಲ್ಲ. ಈ ಎರಡನೆಯ ಶತ್ರುವಿಗೆ ಮದ್ದುಂಟು. 1918ರ ತಾಯಂದಿರಿಗೆ ಆ ಭಾಗ್ಯವಿರಲಿಲ್ಲ.

ಬಾಗಿಲಾಚೆಯ ಕಳ್ಳರನ್ನು ಮೊದಲೇ ಹಿಡಿಯುವ ಉಪಾಯಗಳೂ ಈಗ ನಮ್ಮ ದೇಶದಲ್ಲಿವೆ. ಫೈಫರ್ ಕಡ್ಡಿಯ ಅತ್ಯಂತ ಅಪಾಯಕಾರಿಯಾದ ‘ಬಿ’ ಬಗೆಯ ವಿರುದ್ಧದ ಲಸಿಕೆ ಐದು ರೋಗಗಳ ಸಂಯುಕ್ತ ಲಸಿಕೆಯ ಭಾಗವಾಗಿ 2011ರ ಡಿಸೆಂಬರಿನಲ್ಲಿ ಕೇರಳ ತಮಿಳುನಾಡುಗಳಲ್ಲಿ ಆರಂಭವಾಗಿ ಬಳಿಕ ದೇಶದ ಇತರ ಕಡೆಗಳಿಗೂ ಬಂದಿತು. ನ್ಯುಮೊಕಾಕಸ್ಸಿನ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಸರಕಾರಿ ಕಾರ್ಯಕ್ರಮಕ್ಕೆ ಸೇರಿ, 2021ರಲ್ಲಿ ದೇಶವನ್ನೆಲ್ಲ ವ್ಯಾಪಿಸಿತು. ದಡಾರದ ಲಸಿಕೆಯಂತೂ ಹಳೆಯದು. ಇವೆಲ್ಲ ಸರಕಾರಿ ಆಸ್ಪತ್ರೆಗಳಲ್ಲಿ ಮಕ್ಕಳಿಗೆ ಉಚಿತವಾಗಿ ದೊರೆಯುತ್ತವೆ. ಸ್ಟ್ರೆಪ್ಟೊಕಾಕಸ್ಸಿಗೆ ಮಾತ್ರ ಲಸಿಕೆ ಇನ್ನೂ ಕೈಗೆ ಬಂದಿಲ್ಲ.

ಜ್ವರ ಬಿಟ್ಟು ಹದಿನೈದು ದಿನವಾದರೂ ಕೆಮ್ಮು ಬಿಡಲಿಲ್ಲವೆಂದು ದೂರುವವರು ಅನೇಕರಿದ್ದಾರೆ. ಉದುರಿದ ಕೋಶಗಳ ಜಾಗದಲ್ಲಿ ಹೊಸವು ಹುಟ್ಟಿ, ಅವುಗಳ ಮೇಲೆ ರೋಮ ಬೆಳೆದು, ಆ ರೋಮಗಳು ಮೊದಲಿನಂತೆ ಒಂದೇ ದಿಕ್ಕಿಗೆ ಬೀಸಲು ಕೆಲವು ವಾರಗಳೇ ಬೇಕು. ಅಲ್ಲಿಯವರೆಗೆ ಲೋಳೆಯನ್ನು ಮೇಲೆತ್ತಿ ಹೊರಹಾಕುವ ಕೆಲಸವನ್ನು ಕೆಮ್ಮು ನಡೆಸಿಕೊಂಡು ಹೋಗುತ್ತದೆ. ಬೀಡಿ ಸಿಗರೇಟುಗಳ ಹೊಗೆಯೂ ಒಲೆಯ ಹೊಗೆಯೂ ಎಳೆಯ ರೋಮಗಳನ್ನು ಮತ್ತೆ ಮಲಗಿಸುತ್ತವೆ. ಮಗು ಚೇತರಿಸಿಕೊಳ್ಳುತ್ತಿರುವ ಕೋಣೆಯಲ್ಲಿ ಅವೆರಡೂ ಇರಬಾರದು.